ಪಥಿಕನ ಆಯುಧವೂ ಸಹಯಾನಿಯ ಹೊಣೆಯೂ

ಆಯುಧವನ್ನು ಮರೆಸಿಕೊಂಡು ಸಂಚರಿಸುವುದು ಅಪರಾಧವೆಂದು ವಿಧಿಸಿದ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಹಳೆಯ ಕಾಯಿದೆಗಳಲ್ಲಿಯೇ ದಾರಿಹೋಕನಿಗೆ ಒಂದು ವಿನಾಯಿತಿಯು ಕಂಡುಬರುತ್ತದೆ. ಕೆಂಟಕಿ ಸಂಸ್ಥಾನವು 1813ರಲ್ಲಿ ಜೇಬಿನ ಪಿಸ್ತೂಲು, ಕಠಾರಿ, ಬೆತ್ತದೊಳಗಣ ಕತ್ತಿ ಇವುಗಳನ್ನು ಅಡಗಿಸಿ ಧರಿಸಕೂಡದೆಂದು ಶಾಸನ ಮಾಡಿದಾಗ ಪ್ರಯಾಣದಲ್ಲಿರುವವನನ್ನು ಅದರಿಂದ ಹೊರತುಪಡಿಸಿತು. 1822ರಲ್ಲಿ ಅಲ್ಲಿಯ ನ್ಯಾಯಸ್ಥಾನವು ಈ ಶಾಸನವನ್ನು ರಾಜ್ಯಾಂಗಕ್ಕೆ ವಿರುದ್ಧವೆಂದು ತಳ್ಳಿಹಾಕಿತಾದರೂ ವಿನಾಯಿತಿಯ ತತ್ತ್ವವು ಅಳಿಯಲಿಲ್ಲ. 1871ರ ಟೆಕ್ಸಸ್ ಕಾಯಿದೆಯಲ್ಲಿಯೂ ಅದು ಉಂಟು. ಊರೊಳಗೆ ನೆರೆಹೊರೆಯವರ ರಕ್ಷೆಯಿರುವುದು, ನಿರ್ಜನಮಾರ್ಗದಲ್ಲಿ ಅದಿಲ್ಲವೆಂಬುದೇ ಇದಕ್ಕೆ ಆಧಾರವೆಂದು ಊಹಿಸಬಹುದು.

ಆದರೆ ಪಥಿಕನೆಂದರೆ ಯಾರು? ಟೆಕ್ಸಸ್ ಶಾಸನವು ಇದಕ್ಕೆ ಲಕ್ಷಣವನ್ನು ಹೇಳದೆ ಬಿಟ್ಟಿತು. ಮೋಟಾರು ಗಾಡಿಯು ಬಂದಮೇಲೆ ಬಹುದಿನದ ಪಯಣವು ಕೆಲವು ಗಂಟೆಗಳ ಮಾತಾಯಿತು, ಸಂಶಯವು ಇಮ್ಮಡಿಸಿತು. ಕಡೆಗೆ 2007ರಲ್ಲಿ, ತನ್ನ ಸ್ವಂತದ ಇಲ್ಲವೆ ತನ್ನ ವಶದಲ್ಲಿರುವ ಗಾಡಿಯಲ್ಲಿ, ಕಣ್ಣಿಗೆ ಬೀಳದಂತೆ ಕೈಬಂದೂಕನ್ನು ಒಯ್ಯಬಹುದೆಂದು ನಿಯಮವಾಯಿತು. ಒಡೆಯನೂ ಅಲ್ಲದ, ಚಾಲಕನೂ ಅಲ್ಲದ ಸಹಯಾನಿಗೆ ಈ ಮಾತು ಅನ್ವಯಿಸುವುದೇ ಎಂಬುದನ್ನು ನಿಯಮದ ಅಕ್ಷರದಿಂದ ತಿಳಿಯುವುದು ಕಷ್ಟ. 2021ರ ಶಾಸನವು ಬಹುಜನರಿಗೆ ಪರವಾನಗಿಯ ಅಗತ್ಯವನ್ನೇ ತೆಗೆದುದರಿಂದ ಅಲ್ಲಿ ಈ ತೊಡಕು ಬಹುಮಟ್ಟಿಗೆ ನೀಗಿತು.

ನ್ಯೂಯಾರ್ಕಿನ ಮಾರ್ಗವು ಬೇರೆ. 1911ರಿಂದ ಅಲ್ಲಿ ಮರೆಸಬಹುದಾದ ಬಂದೂಕಿಗೆ ಪರವಾನಗಿಯು ಬೇಕಾಯಿತು. ಮುಂದೆ, ಗಾಡಿಯಲ್ಲಿ ಬಂದೂಕು ಸಿಕ್ಕಿದರೆ ಅದು ಒಳಗಿರುವವರೆಲ್ಲರ ವಶದಲ್ಲಿತ್ತೆಂದು ಊಹಿಸಬಹುದೆಂಬ ವಿಧಿಯೂ ಬಂದಿತು. ಅದು ಒಬ್ಬನ ಮೈಮೇಲೆ ದೊರೆತರೆ, ಅಥವಾ ಒಳಗಿರುವವರಲ್ಲಿ ಒಬ್ಬನು ಸ್ವೇಚ್ಛೆಯಿಂದ ಬಂದವನಾಗಿದ್ದು ಆ ಪಿಸ್ತೂಲಿಗೆ ಪರವಾನಗಿಯುಳ್ಳವನಾಗಿದ್ದರೆ, ಈ ಊಹೆಯು ನಿಲ್ಲದು. ಬಾಡಿಗೆಯ ಗಾಡಿಯನ್ನು ಕ್ರಮವಾಗಿ ನಡೆಸುವ ಚಾಲಕನಿಗೂ ಅದು ತಗಲದು.

1973ರಲ್ಲಿ ಅತಿವೇಗಕ್ಕಾಗಿ ನಿಲ್ಲಿಸಿದ ಒಂದು ಗಾಡಿಯಲ್ಲಿ ಮೂವರು ಪುರುಷರೂ 16 ವರ್ಷದ ಹುಡುಗಿಯೊಬ್ಬಳೂ ಇದ್ದರು. ಹುಡುಗಿಯ ತೆರೆದ ಕೈಚೀಲದಲ್ಲಿ ಎರಡು ದೊಡ್ಡ ಪಿಸ್ತೂಲುಗಳು ಕಂಡುವು. ನಾಲ್ವರೂ ಅಪರಾಧಿಗಳೆಂಬ ತೀರ್ಮಾನವಾಯಿತು. 1979ರಲ್ಲಿ ಅಲ್ಸ್ಟರ್ ಕೌಂಟಿಯ ವ್ಯಾಜ್ಯವೆಂದು ಪ್ರಸಿದ್ಧವಾದ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಸ್ಥಾನವು, ಐವರ ಮತ ನಾಲ್ವರ ಭಿನ್ನಮತಗಳಿಂದ, ಆ ಸಂದರ್ಭಕ್ಕೆ ಊಹೆಯು ಯುಕ್ತವೆಂದಿತು. ಬಹುಮತದ ತೀರ್ಪನ್ನು ಬರೆದವರು ಸ್ಟೀವನ್ಸ್, ಭಿನ್ನಮತವನ್ನು ಬರೆದವರು ಪೊವೆಲ್.

ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವಿವಾದವೆಲ್ಲವೂ ವ್ಯಾಪ್ತಿಯದು. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ, ಜೊತೆಯಲ್ಲಿ ಕುಳಿತಲ್ಲೆಲ್ಲ ಆಯುಧದ ಸ್ವಾಮ್ಯವೂ ಇರುವುದೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಬಹುಮತವೂ ಕೈಚೀಲವು ತೆರೆದಿದ್ದುದು, ಪಿಸ್ತೂಲುಗಳ ಗಾತ್ರ ಮೊದಲಾದ ವಿಶೇಷಗಳನ್ನು ಆಶ್ರಯಿಸಿತೇ ಹೊರತು ಸಹಯಾನವೊಂದನ್ನೇ ಅಲ್ಲ. 1813ರ ಶಾಸನವು ಮನುಷ್ಯನು ಪ್ರಯಾಣದಲ್ಲಿರುವನೇ ಎಂದು ಕೇಳಿತು. ಈ ವಿಧಿಯು ಅವನು ಯಾರೊಡನೆ ಕುಳಿತನೆಂದು ಕೇಳುತ್ತದೆ. ಒಂದು ಕಾಲಕ್ಕೆ ರಕ್ಷೆಗೆ ಕಾರಣವಾಗಿದ್ದ ಪ್ರಯಾಣವೇ ಹೀಗೆ ಶಂಕೆಗೂ ಕಾರಣವಾದುದು ಚರಿತ್ರಕಾರನು ಗಮನಿಸತಕ್ಕ ಸಂಗತಿ.