ಪೆಟ್ಟಿಗೆಯೊಳಗಿನ ಕನ್ನಡಿ

ನಮ್ಮ ಕಾಫಿ ಕಣದಲ್ಲಿ ಹತ್ತು ಇಂಚಿನ ಟೆಲಿಸ್ಕೋಪನ್ನು ಮೊದಲ ಸಲ ನಿಲ್ಲಿಸಿದ ದಿನ ಪಕ್ಕದ ತೋಟದ ಅಜ್ಜ ಬೇಲಿಯಾಚೆಯಿಂದಲೇ ಕೇಳಿದ್ದರು: "ಇದೆಂಥ ಮಾರಾಯ, ಆನೆ ಓಡಿಸ್ಲಿಕ್ಕೆ ಫಿರಂಗಿಯಾ?"

ಅಜ್ಜನ ಊಹೆ ತೀರಾ ತಪ್ಪೇನಲ್ಲ. ಡಾಬ್ಸೋನಿಯನ್ ಅನ್ನುವ ಈ ಬಗೆಯ ಟೆಲಿಸ್ಕೋಪಿನ ಪೀಠ ಹಳೇ ಫಿರಂಗಿಯ ಪೀಠದ ಹಾಗೇ ಕೆಲಸ ಮಾಡುತ್ತದೆ. ಕೊಳವೆ ಮೇಲೆ ಕೆಳಗೆ ಆಡುತ್ತದೆ, ಕೆಳಗಿನ ಮರದ ಪೆಟ್ಟಿಗೆ ಸುತ್ತ ತಿರುಗುತ್ತದೆ. ಮೋಟರಿಲ್ಲ, ಕರೆಂಟ್ ಬೇಡ. ಕೊಳವೆಯ ತಳದಲ್ಲಿ ಒಳಕ್ಕೆ ಬಾಗಿದ ಕನ್ನಡಿ. ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆಗಿಂತ ಸುಮಾರು 1,200 ಪಟ್ಟು ಬೆಳಕನ್ನು ಅದು ಹಿಡಿಯುತ್ತದೆ. ಇಂಥ ಕನ್ನಡಿ ನನ್ನಂಥವನ ಕಣಕ್ಕೆ ಬಂದ ಕತೆಯಲ್ಲಿ ಒಬ್ಬ ಮಹಾರಾಜರಿದ್ದಾರೆ, ಒಬ್ಬ ಸನ್ಯಾಸಿ ಇದ್ದಾರೆ.

1668ರಲ್ಲಿ ನ್ಯೂಟನ್ ಮಾಡಿದ ಮೊದಲ ಕನ್ನಡಿ ಟೆಲಿಸ್ಕೋಪು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮುಂದೆ ವಿಲಿಯಂ ಹರ್ಷಲ್ 1789ರ ಹೊತ್ತಿಗೆ 48 ಇಂಚಿನವರೆಗೆ ಹೋದ. ಆದರೆ ಅವೆಲ್ಲ ತಾಮ್ರ, ತವರ ಬೆರೆಸಿ ಎರಕ ಹೊಯ್ದ ಲೋಹದ ಕನ್ನಡಿಗಳು. ತೇವ ತಾಗಿದರೆ ಮಸುಕಾಗುತ್ತಿದ್ದವು, ಮತ್ತೆ ತಿಕ್ಕಿ ಹೊಳಪು ಕೊಡಬೇಕಿತ್ತು. ನಮ್ಮ ಕಕ್ಕಡ ತಿಂಗಳ ಮಳೆಯಲ್ಲಿ ಅಂಥದ್ದು ಎಷ್ಟು ದಿನ ಬಾಳುತ್ತಿತ್ತೋ! 1850ರ ದಶಕದಲ್ಲಿ ಗಾಜಿನ ಮೇಲೆ ತೆಳುವಾಗಿ ಬೆಳ್ಳಿ ಕೂರಿಸುವ ವಿದ್ಯೆ ಬಂದ ಮೇಲೆ ದಾರಿ ಸಲೀಸಾಯಿತು.

ಇನ್ನು ಮಹಾರಾಜರ ಕತೆ. ಭಾವನಗರದ ತಖ್ತಸಿಂಗ್‌ಜಿ ಕೊಟ್ಟ ಹಣಕ್ಕೆ ಸರ್ಕಾರದ ಹಣವೂ ಸೇರಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಒಂದು ವೀಕ್ಷಣಾಲಯ ಆಯಿತು. ಡಬ್ಲಿನ್‌ನ ಗ್ರಬ್ ಕಂಪನಿ ಮಾಡಿದ 20 ಇಂಚಿನ ಕನ್ನಡಿ ಟೆಲಿಸ್ಕೋಪು 1888ರಲ್ಲಿ ಅಲ್ಲಿ ನಿಂತಿತು. ಮುಂದೆ ಎಷ್ಟೋ ದಶಕ ದೇಶದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ನೋಡಿಕೊಂಡವರು ಪ್ರೊಫೆಸರ್ ಕಾವಸ್‌ಜಿ ನಾಯೇಗಾಮ್‌ವಾಲಾ, ಹೆಚ್ಚೂಕಮ್ಮಿ ಒಬ್ಬರೇ. 1912ರಲ್ಲಿ ಅವರು ನಿವೃತ್ತರಾದರು, ವೀಕ್ಷಣಾಲಯಕ್ಕೂ ಬೀಗ ಬಿತ್ತು. ಟೆಲಿಸ್ಕೋಪು ಕೊಡೈಕೆನಾಲಿಗೆ ಹೋಯಿತು. ಅಲ್ಲಿ ಅದನ್ನು ಜೋಡಿಸಿ ನಿಲ್ಲಿಸಿದ್ದು 1951ರಲ್ಲಿ! ದೇಶದ ಅತಿ ದೊಡ್ಡ ಕನ್ನಡಿ ಹತ್ತಿರ ಹತ್ತಿರ ನಲವತ್ತು ವರ್ಷ ಆಕಾಶ ಕಾಣದೆ ಕೂತಿತ್ತು. ಹಣ ಇತ್ತು, ಗಾಜು ಇತ್ತು, ಕಣ್ಣಿಡುವವರು ಇರಲಿಲ್ಲ.

ಸನ್ಯಾಸಿಯ ಕತೆ ಇದರ ತಿರುಗಾಮುರುಗಾ. ನಮ್ಮ ಪೊನ್ನಂಪೇಟೆಯಲ್ಲಿ ರಾಮಕೃಷ್ಣ ಆಶ್ರಮ ಇದೆಯಲ್ಲ, ಅದೇ ಪರಂಪರೆಯ ಸ್ಯಾನ್ ಫ್ರಾನ್ಸಿಸ್ಕೋ ವೇದಾಂತ ಸೊಸೈಟಿಯನ್ನು 1944ರಲ್ಲಿ ಸೇರಿದವರು ಜಾನ್ ಡಾಬ್ಸನ್. ಕೈಯಲ್ಲಿ ಕಾಸಿಲ್ಲ. 1956ರಲ್ಲಿ ಹಡಗಿನ ಕಿಟಕಿಯ 12 ಇಂಚಿನ ದಪ್ಪ ಗಾಜೊಂದು ಸಿಕ್ಕಿತು, ಕೂತು ತಿಕ್ಕಿದರು. ಈ ತಿಕ್ಕುವ ಕೆಲಸವೇ ಒಂದು ಸೋಜಿಗ. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ, ನೀರು ಹಾಕಿ, ದಿಕ್ಕು ಬದಲಿಸುತ್ತಾ ಉಜ್ಜುತ್ತಿದ್ದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಬರಬರುತ್ತಾ ಪುಡಿ ನುಣುಪಾಗಬೇಕು, ಕೊನೆಗೆ ರಾಳದ ಮೇಲೆ ಪಾಲಿಶ್. ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ನೋಡಲು ಒಂದು ದೀಪ, ಒಂದು ಬ್ಲೇಡು ಸಾಕು. 1858ರಲ್ಲಿ ಫೂಕೋ ಹೇಳಿಕೊಟ್ಟ ಆ ಪರೀಕ್ಷೆಯಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ತಪ್ಪೂ ನೆರಳಾಗಿ ಕಾಣುತ್ತದೆ.

ಡಾಬ್ಸನ್ ರಾತ್ರಿ ಟೆಲಿಸ್ಕೋಪನ್ನು ಗಾಲಿ ಮೇಲೆ ತಳ್ಳಿಕೊಂಡು ಬೀದಿಗೆ ಹೋಗಿ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಆಶ್ರಮದ ಶಿಸ್ತಿಗೂ ಇದಕ್ಕೂ ಹೊಂದಲಿಲ್ಲ. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಆಮೇಲೆ ಪ್ಲೈವುಡ್ ಪೆಟ್ಟಿಗೆ, ರಟ್ಟಿನ ಕೊಳವೆ ಇಟ್ಟುಕೊಂಡು ನಗರದ ಫುಟ್‌ಪಾತಿನಲ್ಲೇ ನಿಂತರು. ಆ ಪೀಠಕ್ಕೆ ಪೇಟೆಂಟ್ ಮಾಡಿಸಲೂ ಇಲ್ಲ. ಹಾಗಾಗಿಯೇ ಇವತ್ತು ಯಾರು ಬೇಕಾದರೂ ಅದನ್ನು ಮಾಡುತ್ತಾರೆ, ನನ್ನಂಥವರು ಕೊಳ್ಳುತ್ತಾರೆ.

ಕೊಂಡದ್ದೇನೋ ಸರಿ. ಜೂನ್ ಬಂದರೆ ಕೊಡಗಿನಲ್ಲಿ ಆಕಾಶವೇ ಇಲ್ಲ. ಮೊದಲ ವರ್ಷ ಕನ್ನಡಿಯನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಮರೆತೆ. ನವೆಂಬರಿನಲ್ಲಿ ತೆಗೆದರೆ ಅಲ್ಯೂಮಿನಿಯಂ ಲೇಪದ ಮೇಲೆ ಬೂಷ್ಟಿನ ಚುಕ್ಕಿಗಳು. ಪುಣೆಯ ಬೀಗದ ಬಗ್ಗೆ ಬೇರೆಯವರನ್ನು ದೂರುವ ಮುಖ ನನಗೆಲ್ಲಿದೆ? ಮರುಲೇಪ ಮಾಡಿಸಿ ತಂದೆ, ಈಗ ತೇವ ಹೀರುವ ಪೊಟ್ಟಣ ಇಡುತ್ತೇನೆ. ಡಿಸೆಂಬರಿನಿಂದ ಆಕಾಶ ತೊಳೆದಿಟ್ಟ ಹಾಗೆ. ಆದರೆ ಅದೇ ಹೊತ್ತಿಗೆ ಕಣದ ತುಂಬಾ ಕಾಫಿ ಹಣ್ಣು! ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಉಳಿಯುವ ಮೂಲೆಯೇ ನನ್ನ ವೀಕ್ಷಣಾಲಯ.

ಮೋಟರಿಲ್ಲದ ಟೆಲಿಸ್ಕೋಪಿಗೆ ದಾರಿ ನಾವೇ ಹೇಳಬೇಕು. ಈ ವಿಷಯದಲ್ಲಿ ನನ್ನ ಗುರುಗಳು ಮಡಿಕೇರಿಯಲ್ಲೇ 1926ರಲ್ಲಿ ಹುಟ್ಟಿದ ಜಿ.ಟಿ. ನಾರಾಯಣರಾವ್. ಗಣಿತದ ಮೇಷ್ಟ್ರು, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದಲ್ಲಿದ್ದವರು. ಬರಿಗಣ್ಣಲ್ಲಿ ನಕ್ಷತ್ರ ಗುರುತು ಹಿಡಿಯುವುದನ್ನು ಕನ್ನಡದಲ್ಲಿ ಬರೆದು ಕಲಿಸಿದರು. ಅವರನ್ನು ಓದಿರದಿದ್ದರೆ ಈ ಫಿರಂಗಿಯನ್ನು ಎತ್ತ ತಿರುಗಿಸಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ರಾತ್ರಿ ಅಜ್ಜ ಬೇಲಿ ದಾಟಿ ಬಂದರು. ಮಹಾವ್ಯಾಧನ ಕತ್ತಿಯ ನಡುವಿನ ನೀಹಾರಿಕೆಗೆ ಕೊಳವೆ ತಿರುಗಿಸಿ ಕೊಟ್ಟೆ. ಅದರ ಬೆಳಕು ಹೊರಟು ಸುಮಾರು 1,300 ವರ್ಷ. ಬಾದಾಮಿ ಚಾಲುಕ್ಯರ ಕಾಲದ ಬೆಳಕು.

"ಗಾಜಿಗೆ ಮಂಜು ಹಿಡ್ದಿದೆ, ಒರೆಸು" ಅಂದರು.

ಒರೆಸಿ ಕೊಟ್ಟೆ. "ಈಗಲೂ ಉಂಟಲ್ಲ."

"ಅದು ಅಲ್ಲಿಯದೇ ಮಂಜು, ಅಜ್ಜ."

ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನಕ್ಷತ್ರ ಸರಿದು ಹೋದಾಗ ಕೊಳವೆಯನ್ನು ತಾವೇ ಬೆರಳಲ್ಲಿ ಮೆಲ್ಲ ತಳ್ಳಿದರು. ಹೊರಡುವಾಗ ಕೇಳಿದರು, "ನಾಳೆಯೂ ಇಡ್ತೀಯಾ?"

"ನಾಳೆ ರೊಬಸ್ಟಾ ಬರ್ತದೆ ಅಜ್ಜ, ಕಣ ಪೂರ್ತಿ ತುಂಬ್ತದೆ."

"ನಮ್ಮ ಕಣ ಖಾಲಿ ಉಂಟು. ಅಲ್ಲಿಗೆ ತಾ. ಪೆಟ್ಟಿಗೆ ಹೊರ್ಲಿಕ್ಕೆ ಮೊಮ್ಮಗನ್ನ ಕಳಿಸ್ತೇನೆ."