ಹವ್ಯಾಸದಿಂದ ಆಸ್ಥಾನಕ್ಕೆ: ರಾಜಾ ದೀನ್ ದಯಾಳ್

ಹೈದರಾಬಾದಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೋಟೆ, ಮಸೀದಿ, ಅರಮನೆಗಳಲ್ಲಿ ಹುಡುಕುತ್ತೇವೆ. ಆದರೆ ನಿಜಾಮರ ಕಾಲದ ಜನರ ಮುಖಗಳನ್ನು ಕಾಣಬೇಕಾದರೆ ಛಾಯಾಚಿತ್ರಗಳ ಮೊರೆಹೋಗಬೇಕು. ಅವುಗಳಲ್ಲಿ ರಾಜಾ ದೀನ್ ದಯಾಳರ ಚಿತ್ರಗಳಿಗೆ ಅಗ್ರಸ್ಥಾನವುಂಟು. ಅವರು ಆಸ್ಥಾನದ ಛಾಯಾಗ್ರಾಹಕರೆಂದು ಎಲ್ಲರೂ ಬಲ್ಲರು; ಮೊದಲು ಅವರು ಕೇವಲ ಹವ್ಯಾಸಿಯಾಗಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

1844ರಲ್ಲಿ ಮೀರತ್ ಸಮೀಪದ ಸರ್ಧಾನಾದಲ್ಲಿ ಹುಟ್ಟಿದ ದೀನ್ ದಯಾಳರು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಕ್ಷೆ ಬರೆಯುವುದು, ಖರ್ಚಿನ ಅಂದಾಜು ಹಾಕುವುದು ಅವರ ಕೆಲಸ. ಸುಮಾರು 1874ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದರು. ಅಲ್ಲಿನ ಆಂಗ್ಲ ಅಧಿಕಾರಿ ಸರ್ ಹೆನ್ರಿ ಡೇಲಿಯವರ ಪ್ರೋತ್ಸಾಹ ದೊರೆಯಿತು.

ಅಂದಿನ ಹವ್ಯಾಸ ಇಂದಿನಷ್ಟು ಸುಲಭದ್ದಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮುನ್ನ ಕತ್ತಲೆಯಲ್ಲಿ ಸಂಸ್ಕರಿಸಬೇಕಾಗಿತ್ತು. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬಂದ ಮೇಲೆ ಈ ತಾಪತ್ರಯ ತಗ್ಗಿತು. ಆದರೂ ಕುಳಿತವರು ಕೆಲವು ಕ್ಷಣ ಅಲುಗಾಡದೆ ಇರಬೇಕಿತ್ತು. ಹಳೆಯ ಚಿತ್ರಗಳಲ್ಲಿ ನಮ್ಮ ಹಿರಿಯರು ನಗದೆ ಗಂಭೀರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

1880ರ ದಶಕದ ಮಧ್ಯದಲ್ಲಿ ದೀನ್ ದಯಾಳರು ಸರ್ಕಾರಿ ನೌಕರಿಯನ್ನು ಬಿಟ್ಟು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಶ್ರಯ ಲಭಿಸಿತು. 1892ರಲ್ಲಿ ಗೋಷಾ ಪದ್ಧತಿಯ ಸ್ತ್ರೀಯರಿಗಾಗಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ಆರಂಭವಾಯಿತು. ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ ಅದನ್ನು ನಡೆಸುತ್ತಿದ್ದರು. ಪರಪುರುಷರ ಕಣ್ಣಿಗೆ ಬೀಳದ ಹೆಂಗಸರೂ ಅಲ್ಲಿ ಸಂಕೋಚವಿಲ್ಲದೆ ಚಿತ್ರ ತೆಗೆಸಿಕೊಳ್ಳಬಹುದಾಯಿತು. 1894ರಲ್ಲಿ ನಿಜಾಮರು ದೀನ್ ದಯಾಳರಿಗೆ ‘ರಾಜಾ ಬಹಾದುರ್ ಮುಸವ್ವಿರ್ ಜಂಗ್’ ಎಂಬ ಬಿರುದನ್ನಿತ್ತರು. ಮುಸವ್ವಿರ್ ಎಂದರೆ ಚಿತ್ರಕಾರ. 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೋ ತೆರೆದ ಅವರು 1905ರಲ್ಲಿ ನಿಧನರಾದರು.

ಈ ಕಥೆಯಿಂದ ಇಂದಿನ ಹವ್ಯಾಸಿಗಳು ಕಲಿಯಬೇಕಾದುದೇನು? ಆ ಕಾಲದ ಸ್ಟುಡಿಯೋಗಳಿಗೆ ಹಗಲಿನ ಬೆಳಕೇ ಮುಖ್ಯ ಆಧಾರ. ಗಾಜಿನ ಮಾಡು, ದೊಡ್ಡ ಕಿಟಕಿ, ಬೆಳಕನ್ನು ತಗ್ಗಿಸಲು ಪರದೆ, ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಅದೇ ಬೆಳಕು ನಮ್ಮ ಮನೆಯಲ್ಲೂ ಇದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಹಿರಿಯರನ್ನು ಕೂರಿಸಿ, ನೆರಳಿನ ಕಡೆ ಒಂದು ಬಿಳಿಯ ಪಂಚೆಯನ್ನು ಹಿಡಿದರೆ ಮುಖದ ಎರಡೂ ಭಾಗ ಹದವಾಗಿ ಮೂಡುತ್ತವೆ. ಹಿಂದೆ ಖಾಲಿ ಗೋಡೆಯಿರಲಿ. ತೀರ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಅವರು ಮಾತನಾಡುತ್ತ ಸಂಕೋಚ ಮರೆಯುವವರೆಗೆ ಕಾಯಬೇಕು.

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ಇದೇ ನಿಜಾಮರ ಸಂಸ್ಥಾನದಲ್ಲಿದ್ದವು. ಓದಿಗೆಂದೋ ನೌಕರಿಗೆಂದೋ ಅಲ್ಲಿಂದ ಈ ನಗರಕ್ಕೆ ಬಂದು ನೆಲೆಸಿದ ಕನ್ನಡ ಮನೆತನಗಳ ಹಳೆಯ ಟ್ರಂಕುಗಳಲ್ಲಿ ಶೇರ್ವಾನಿ ತೊಟ್ಟ ಅಜ್ಜಂದಿರ ಚಿತ್ರಗಳಿರಬಹುದು. ಹಿಂಬದಿಯಲ್ಲಿ ಹೆಸರಿಲ್ಲದಿದ್ದರೆ ಮೊಮ್ಮಕ್ಕಳ ಪಾಲಿಗೆ ಅವರು ಅಪರಿಚಿತರೇ ಸರಿ. ಇನ್ನು ಹಿರಿಯರೊಬ್ಬರು ತೀರಿಕೊಂಡ ಮೇಲೆ, ಮದುವೆಯ ಗುಂಪುಚಿತ್ರದಿಂದ ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ ಹಾರ ಹಾಕುವುದನ್ನು ನಾವೆಲ್ಲ ಕಂಡಿದ್ದೇವೆ. ಮಸುಕಾದ ಆ ಮುಖವೇ ಕೊನೆಗೆ ಮನೆಯವರಿಗೆ ಉಳಿಯುತ್ತದೆ.

ದೀನ್ ದಯಾಳರ ಸ್ಟುಡಿಯೋದ 2,857 ಗಾಜಿನ ಫಲಕಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದು ಕಾಪಾಡಿತು. ನವಾಬರ ಮುಖಗಳಿಗೆ ಅಂಥ ಸಂಸ್ಥೆಯ ರಕ್ಷಣೆ ಸಿಕ್ಕಿತು. ನಮ್ಮ ಅಜ್ಜ ಅಜ್ಜಿಯರ ಚಿತ್ರಗಳನ್ನು ಕಾಪಾಡುವ ಹೊಣೆ ನಮ್ಮದೇ. ಬರುವ ಭಾನುವಾರ ಬೆಳಿಗ್ಗೆ ಮನೆಯ ಹಿರಿಯರನ್ನು ಕಿಟಕಿಯ ಬಳಿ ಕೂರಿಸಿ ಚಿತ್ರ ತೆಗೆಯೋಣ. ಅದನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಅವರ ಹೆಸರು, ಊರು, ಇಸವಿ ಬರೆದಿಡೋಣ.