ಒಂದೇ ಮಳೆ, ಎರಡು ಆಳ್ವಿಕೆ

ಒಂದು ದೇಶದ ಜನರು ಮತ್ತೊಂದು ದೇಶದವರಿಗಿಂತ ಸುಖವಾಗಿ ಬಾಳುವರೇ ಎಂಬ ಪ್ರಶ್ನೆ ಎದ್ದಾಗ ನಾವು ಸಾಮಾನ್ಯವಾಗಿ ಇಂಗ್ಲೆಂಡು ಅಮೆರಿಕಗಳ ಕಡೆಗೆ ದೃಷ್ಟಿಯನ್ನು ಹೊರಳಿಸುತ್ತೇವೆ. ಅಲ್ಲಿ ಹವೆ, ಮಣ್ಣು, ನುಡಿ, ನಡೆ ಎಲ್ಲವೂ ಬೇರೆಯಾದುದರಿಂದ, ಆಳ್ವಿಕೆಯೊಂದರಿಂದಲೇ ಉಂಟಾದ ಭೇದವೆಷ್ಟೆಂಬುದು ತಿಳಿಯುವುದಿಲ್ಲ. ಈ ಪರೀಕ್ಷೆಗೆ ನಮ್ಮ ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯೇ ಹೆಚ್ಚು ಅನುಕೂಲವಾದುದು.

ಮೈಸೂರು ಸಂಸ್ಥಾನದ ಕಾಲದಲ್ಲಿ ಮೊಳಕಾಲ್ಮೂರಿನ ಮೂರು ಕಡೆಗಳಲ್ಲಿ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಿದ್ದಿತು. ರಾಯದುರ್ಗವು ಅರ್ಧ ದಿನದ ನಡಿಗೆ. ಗಡಿಯ ಈಚೆಗೂ ಆಚೆಗೂ ವರ್ಷಕ್ಕೆ 20 ಅಂಗುಲದ ಆಸುಪಾಸಿನ ಮಳೆ. ಅದೇ ಕಲ್ಲುಗುಡ್ಡ, ಅದೇ ಕುರಿಮಂದೆ, ಅದೇ ಕಂಬಳಿ. ಕನ್ನಡ ತೆಲುಗುಗಳೆರಡೂ ನಡೆಯುವ ಅದೇ ಸಂತೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಒಪ್ಪಿಸಿದ ಮೇಲೆ ಆಚೆಯ ರೈತನು ಕಲೆಕ್ಟರನಿಗೂ ಈಚೆಯವನು ಅಮಲ್ದಾರನಿಗೂ ಕಂದಾಯ ಕೊಡುವಂತಾಯಿತು.

ಹೋಲಿಕೆಯ ಕಠಿನ ಘಟ್ಟವು 1876-78ರ ಕ್ಷಾಮ. ಆಗ ಮೈಸೂರಿನ ಆಡಳಿತವೂ ಬ್ರಿಟಿಷ್ ಕಮಿಷನರ ಕೈಯಲ್ಲಿಯೇ ಇದ್ದಿತೆಂಬುದನ್ನು ಮರೆಯಲಾಗದು. ಬಳ್ಳಾರಿಗೆ ರೈಲು ಬಂದಿದ್ದಿತು; ಮೈಸೂರಿನಲ್ಲಿ ಅದು ಬೆಂಗಳೂರಿಗೆ ನಿಂತಿದ್ದಿತು. ಆದರೆ ರೈಲಿದ್ದ ಬಳ್ಳಾರಿಯಲ್ಲಿಯೂ ಜನರು ಗುಂಪುಗುಂಪಾಗಿ ಸತ್ತರು. ಧಾನ್ಯ ಬಂದಿಳಿದರೆ ಸಾಲದು, ಕೊಳ್ಳುವವನ ಕೈಯಲ್ಲಿ ಕಾಸಿರಬೇಕಷ್ಟೆ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕ್ಷಾಮದ ಕಾಮಗಾರಿಯಲ್ಲಿ ಮೈಮುರಿದು ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪ ಕಾಸು ಸಾಕೆಂದು ವಿಧಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದನು. ಆ ಕಾಲದ ಕಾಗದಪತ್ರಗಳಲ್ಲಿ ಮನುಷ್ಯತ್ವದ ಧ್ವನಿ ಕೇಳಿಬರುವ ಕೆಲವೇ ಸ್ಥಳಗಳಲ್ಲಿ ಅದೊಂದು. 1871ರಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷವನ್ನು ಮೀರಿದ್ದಿತು. 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆ. ಗಡಿಗಲ್ಲು ಯಾರನ್ನೂ ಕಾಯಲಿಲ್ಲ.

ಭೇದವು ಕಾಣಿಸಿಕೊಂಡುದು ಅನಂತರ. 1881ರ ಮಾರ್ಚಿಯಲ್ಲಿ ಸಂಸ್ಥಾನವು ಒಡೆಯರಿಗೆ ಹಿಂದಿರುಗಿತು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 144 ಮಂದಿ ಪ್ರತಿನಿಧಿಗಳಲ್ಲಿ ತಾಲ್ಲೂಕುಗಳ ರೈತರೂ ಇದ್ದರು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲವೆಂದು ಕೆಲವರು ಹಗುರವಾಗಿ ನುಡಿಯುವುದುಂಟು. ಆದರೂ ಕೆರೆ ಒಡೆದುದನ್ನು ದಿವಾನರ ಎದುರಿಗೆ ನಿಂತು ಹೇಳುವ ಸ್ಥಳವೊಂದು ದೊರೆತುದು ಅಲ್ಪವಲ್ಲ. ಮದರಾಸಿನ ಕೌನ್ಸಿಲಿನಲ್ಲಿ ಆಗ ಸರ್ಕಾರವು ತಾನೇ ಆರಿಸಿಕೊಂಡವರ ಹೊರತು ಬೇರೆಯವರಿರಲಿಲ್ಲ.

ಮಾತಿನ ಹಕ್ಕು ಬಂದಿತು, ನೀರು ಬರಲಿಲ್ಲ. ಇದೇ ಈ ಸೀಮೆಯ ಸಂಕಟ. 1892ರಲ್ಲಿ ಮೈಸೂರು ಮದರಾಸುಗಳ ನಡುವೆ ನದಿಗಳ ಒಪ್ಪಂದವಾಗಿ, ಅದರ ಪಟ್ಟಿಯಲ್ಲಿ ವೇದಾವತಿಯೂ ಸೇರಿತು; ಮೇಲಿನ ರಾಜ್ಯವು ಕೆಳಗಿನ ರಾಜ್ಯದ ಸಮ್ಮತಿಯಿಲ್ಲದೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. (ಅದೇ ವರ್ಷ ರೈಸ್ ಸಾಹೇಬರು ಮೊಳಕಾಲ್ಮೂರಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಆ ಚಕ್ರವರ್ತಿಗೆ ಈ ಗಡಿಯ ಗೊಡವೆಯಿರಲಿಲ್ಲ.) 1898ರಿಂದ 1907ರ ವರೆಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರದ ನಾಲೆಗಳು ಹಿರಿಯೂರಿನ ಹೊಲಗಳನ್ನು ಹಸುರಾಗಿಸಿದುವು. ಅದೇ ಹೊಳೆಯ ಕೆಳಗಿನ ಚಳ್ಳಕೆರೆಯು ರಾಯದುರ್ಗದಂತೆಯೇ ಮುಗಿಲನ್ನು ನೋಡುತ್ತ ಉಳಿಯಿತು. ಆಚೆಯವರಿಗಿಂತ ನಾವು ಸುಖಿಗಳೆಂದು ಬೀಗುವವರು ಹಿರಿಯೂರಿನಿಂದ ಪರಶುರಾಂಪುರದವರೆಗೆ ಒಮ್ಮೆ ಬಂಡಿಯಲ್ಲಿ ಹೋಗಿಬಂದಿದ್ದರೆ ಸಾಕಾಗುತ್ತಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೂ ರಾಯದುರ್ಗವು ಆಂಧ್ರಕ್ಕೂ ಸೇರಿದುವು. ಗಡಿಯು ಸ್ವಲ್ಪ ಸರಿಯಿತು, ಬರವು ಸರಿಯಲಿಲ್ಲ. 2022ರಲ್ಲಿ, 1933ರ ತರುವಾಯ ಮೊದಲ ಬಾರಿಗೆ, ವಾಣೀವಿಲಾಸ ಸಾಗರವು ಕೋಡಿಬಿದ್ದಿತು. ಆ ನೀರು ಚಳ್ಳಕೆರೆ ಸೀಮೆಯನ್ನು ಹಾದು ಆಂಧ್ರದ ಕಡೆಗೆ ಹರಿಯಿತು.